ಡಸ್ಟ್ ಕಲೆಕ್ಟರ್ ಸದ್ದು ಇಳಿಸಿ, ಎಳೆತ ಇಳಿಸಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಎಷ್ಟೋ ಮರಗೆಲಸದ ಶೆಡ್‌ಗಳು ಮನೆಗಳ ಮಗ್ಗುಲಲ್ಲೇ ಇವೆ. ಶೀಟಿನ ಸೂರು, ಸಿಲ್ವರ್ ಓಕ್, ತೇಗ ಕೊಯ್ಯುವ ಗರಗಸ, ಮೂಲೆಯಲ್ಲಿ ಧೂಳು, ಹೊಟ್ಟು ಎಳೆದುಕೊಳ್ಳುವ ಡಸ್ಟ್ ಕಲೆಕ್ಟರ್. ಗರಗಸ ಆಗಾಗ ಕೂಗಿ ಸುಮ್ಮನಾಗುತ್ತದೆ, ಇದು ಬಿಡುವಿಲ್ಲದೆ ಮೊರೆಯುತ್ತಲೇ ಇರುತ್ತದೆ. ಪಕ್ಕದ ಮನೆಯವರು ಬೇಜಾರು ಮಾಡಿಕೊಂಡರು ಅಂತ ಅದನ್ನು ಆಫ್ ಮಾಡಿ ಕೆಲಸ ಮಾಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ.

ಮೊದಲು ಅಳತೆ. ಮೊಬೈಲ್‌ನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಅಂಕಿ ಕರಾರುವಾಕ್ಕಾಗಿ ಇರಲ್ಲ, ಆದರೆ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ನೋಡಿದರೆ ಎಷ್ಟು ಇಳಿಯಿತು ಅಂತ ತಿಳಿಯುತ್ತದೆ. ಕಾಂಪೌಂಡ್ ಹತ್ತಿರವೂ ಒಮ್ಮೆ ನೋಡಿ. ವಸತಿ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮ ಇಟ್ಟಿರುವ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45.

ಆಮೇಲೆ ನಡುಕ. ಪ್ಲಗ್ ಕಿತ್ತು ಬ್ಲೋವರ್, ಅಂದರೆ ಗಾಳಿ ಎಳೆಯುವ ಫ್ಯಾನಿನ ಭಾಗ, ಬಿಚ್ಚಿ ನೋಡಿ. ಫ್ಯಾನಿನ ರೆಕ್ಕೆಗೆ ಹೊಟ್ಟು, ಅಂಟು ಮೆತ್ತಿಕೊಂಡಿದ್ದರೆ ತೂಕ ಒಂದು ಕಡೆಗೆ ವಾಲಿ ಇಡೀ ಮಿಷನ್ ಅದುರುತ್ತದೆ. ಅದನ್ನು ಕೆರೆದು ತೆಗೆಯಿರಿ, ಬೋಲ್ಟ್ ಬಿಗಿ ಮಾಡಿ, ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಡಿ. ಪೈಪನ್ನು ನೇರವಾಗಿ ಶೀಟಿನ ಸೂರಿಗೆ ನೇತು ಹಾಕಿದ್ದರೆ ಸೂರೇ ಡೋಲಾಗುತ್ತದೆ. ಕ್ಲ್ಯಾಂಪ್ ಒಳಗೆ ರಬ್ಬರ್ ಪಟ್ಟಿ ಸುತ್ತಿ, ಬ್ಲೋವರ್‌ಗೂ ಪೈಪಿಗೂ ನಡುವೆ ಒಂದು ತುಂಡು ಮೆತ್ತನೆ ಹೋಸ್ ಹಾಕಿ.

ಸಿಳ್ಳೆ ಹೊಡೆದ ಹಾಗೆ ಕೇಳಿದರೆ ಅದು ಸಂದಿಯಲ್ಲಿ ನುಗ್ಗುವ ಗಾಳಿ. ಜಾಯಿಂಟಿಗೆ ಸಿಲಿಕಾನ್ ಹಚ್ಚಿ. ಸುರುಳಿ ಹೋಸ್ ಜಾಸ್ತಿ ಉದ್ದ ಬೇಡ, ನುಣುಪಾದ ಪೈಪೇ ಒಳ್ಳೆಯದು. ಹೊಟ್ಟು ಎಳೆಯಲು ಪೈಪಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹೋದರೆ ಸಾಕು. ಅದಕ್ಕಿಂತ ವೇಗ ಏರಿದಷ್ಟೂ ಗದ್ದಲ ಏರುತ್ತದೆ.

ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಹೊಟ್ಟು ಬೇರೆ ಮಾಡುವ ಡಬ್ಬಿ) ಇಟ್ಟು ಗಾಳಿಯನ್ನು ಪೈಪಿನಲ್ಲಿ ಹೊರಗೆ ಬಿಡುವವರಿಗೆ ಜಾಸ್ತಿ ಲಾಭ ಸಿಗುವುದು ಇಲ್ಲಿ: ಗಾಳಿ ಹೊರಬೀಳುವ ಬಾಯಿಗೆ ಸೈಲೆನ್ಸರ್ ಪೆಟ್ಟಿಗೆ. 18 ಮಿಮೀ ಪ್ಲೈವುಡ್‌ನಲ್ಲಿ ಪೆಟ್ಟಿಗೆ ಮಾಡಿ, ಒಳಗೋಡೆಗೆ 50 ಮಿಮೀ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ಕೂರಿಸಿ, ಎಳೆ ಉದುರದಂತೆ ಗಾಜಿನೆಳೆಯ ಬಟ್ಟೆ ಮುಚ್ಚಿ, ಒಳಗೆ ಅಡ್ಡ ಹಲಗೆ ಇಟ್ಟು ಗಾಳಿ ಎರಡು ಸಲ ತಿರುಗಿ ಹೊರಗೆ ಹೋಗುವ ಹಾಗೆ ದಾರಿ ಮಾಡಿ. ದಾರಿಯ ಅಗಲ ಎಲ್ಲೂ ಪೈಪಿಗಿಂತ ಕಿರಿದಾಗಬಾರದು, ಎರಡರಷ್ಟಿದ್ದರೆ ಇನ್ನೂ ಚೆಂದ. ಹಾಸಿಗೆಯ ಫೋಮ್ ಖಂಡಿತ ಬೇಡ, ಹೊಟ್ಟಿನ ಜೊತೆ ಒಂದು ಕಿಡಿ ಬಂದರೂ ಹೊತ್ತಿಕೊಳ್ಳುತ್ತದೆ. ಮೊಟ್ಟೆ ಟ್ರೇ ಅಂಟಿಸುವುದರಿಂದಲೂ ಪ್ರಯೋಜನವಿಲ್ಲ, ಸದ್ದು ತಡೆಯುವ ತೂಕ ಅದಕ್ಕಿಲ್ಲ.

ಇಷ್ಟಾದ ಮೇಲೂ ಸಾಲದಿದ್ದರೆ ಮಿಷನ್ ಸುತ್ತ ಗೂಡು ಕಟ್ಟಿ. ಭಾರವಾದ ಹಲಗೆ, ಬಾಗಿಲಿಗೆ ರಬ್ಬರ್ ಬೀಡಿಂಗ್. ನೂರರಲ್ಲಿ ಒಂದು ಪಾಲು ಸಂದಿ ಉಳಿದರೂ ಗೋಡೆ ಎಷ್ಟೇ ದಪ್ಪವಿರಲಿ 20 ಡೆಸಿಬಲ್‌ಗಿಂತ ಹೆಚ್ಚು ಇಳಿಯುವುದಿಲ್ಲ. ಹಾಗಂತ ಪೂರ್ತಿ ಮುಚ್ಚಿದರೆ ಮೋಟರ್ ಬಿಸಿಯಾಗುತ್ತದೆ. ಗಾಳಿ ಬರುವ, ಹೋಗುವ ದಾರಿ ಎರಡನ್ನೂ ಆ ಸೈಲೆನ್ಸರ್ ಪೆಟ್ಟಿಗೆಯ ಹಾಗೇ ತಿರುವುಗಳಿಟ್ಟು ಮಾಡಿ. ಶೆಡ್ಡಿನ ಹೊರಗೆ ಗೂಡು ಕಟ್ಟುವುದಾದರೆ ಮಲೆನಾಡಿನ ಮಳೆ ನೆನಪಿರಲಿ, ತೇವ ಕುಡಿದ ಹೊಟ್ಟು ಫಿಲ್ಟರಿಗೆ ಮೆತ್ತಿ ಅದನ್ನು ಮುಚ್ಚಿಬಿಡುತ್ತದೆ.

ಕೊನೆಗೆ ಒಂದು ಗಂಟೆ ಓಡಿಸಿ. ಮೋಟರ್ ಮೊದಲಿಗಿಂತ ಜಾಸ್ತಿ ಬಿಸಿಯಾದರೆ, ಗರಗಸದ ಹತ್ತಿರ ಹೊಟ್ಟು ಉಳಿಯತೊಡಗಿದರೆ, ಗಾಳಿಯ ದಾರಿಯನ್ನು ಇನ್ನಷ್ಟು ಅಗಲ ಮಾಡಿ.