ಕಲಬುರಗಿ ಬಿಸಿಲಿಗೆ ಎಸಿ: ನಾನು ಆರಿಸಿದ ರೀತಿ, ನೋಡಿಕೊಳ್ಳುವ ರೀತಿ

ನಮ್ಮ ಮನೆಗೆ ಎಸಿಗಿಂತ ಮೊದಲು ಬಂದಿದ್ದು ಸುಣ್ಣ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42–43 ಡಿಗ್ರಿ ಮುಟ್ಟುವುದು ಯಾರಿಗೂ ಹೊಸದಲ್ಲ. ಹಳೆಯ ಮಣ್ಣಿನ ಮನೆಗಳಿಗೆ ದಪ್ಪ ಗೋಡೆ ಇರುತ್ತಿತ್ತು, ಒಳಗೆ ತಂಪು ನಿಲ್ಲುತ್ತಿತ್ತು. ನಮ್ಮದು ಆರ್‌ಸಿಸಿ ಮನೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹತ್ತು ಗಂಟೆಯಾದರೂ ಶಾಖ ಬಿಡುತ್ತಲೇ ಇರುತ್ತದೆ. ಸ್ಟೂಲ್ ಹತ್ತಿ ಸೀಲಿಂಗ್‌ಗೆ ಅಂಗೈ ಒತ್ತಿ ನೋಡಿದ್ದೆ. ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. ಇಂಥ ಕೋಣೆಯಲ್ಲಿ ಎಸಿ ಹಾಕಿದರೆ ಅದರ ಅರ್ಧ ಶಕ್ತಿ ಸ್ಲ್ಯಾಬ್ ತಣಿಸುವುದಕ್ಕೇ ಹೋಗುತ್ತದೆ.

ಸುಣ್ಣ, ಬಿಳಿ ಸಿಮೆಂಟ್, ಹಿಡಿದು ನಿಲ್ಲಲು ಸ್ವಲ್ಪ ಅಂಟು. ಮಾಳಿಗೆ ಗುಡಿಸಿ, ತೊಳೆದು, ಇನ್ನೂ ಹಸಿ ಇರುವಾಗಲೇ ಎರಡು ಕೈ ಹೊಡೆದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅಷ್ಟೇ ಇದರ ಗುಟ್ಟು. ಮಧ್ಯಾಹ್ನ ಬರಿಗಾಲಲ್ಲಿ ಮಾಳಿಗೆ ಮೇಲೆ ನಡೆದು ನೋಡಿ, ಸುಣ್ಣ ಹೊಡೆದ ಕಡೆಗೂ ಹೊಡೆಯದ ಕಡೆಗೂ ಎಷ್ಟು ವ್ಯತ್ಯಾಸ ಅಂತ ಕಾಲೇ ಹೇಳುತ್ತದೆ. ಮಳೆಗೆ ಸವೆಯುವುದರಿಂದ ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಹೊಡೆಯಬೇಕು. ಬಿಳಿ ಟೈಲ್ಸ್ ಅಥವಾ ಕೂಲ್ ರೂಫ್ ಪೇಂಟ್ ಜಾಸ್ತಿ ಬಾಳಿಕೆ ಬರುತ್ತವೆ, ಖರ್ಚೂ ಜಾಸ್ತಿ. ಪಡುವಣ ಕಿಟಕಿಗೆ ಹೊರಗಡೆಯಿಂದ ಬಿದಿರಿನ ಚಿಕ್ ಇಳಿಬಿಟ್ಟೆ. ಒಳಗಿನ ಪರದೆಯಿಂದ ಅಷ್ಟು ಪ್ರಯೋಜನವಿಲ್ಲ, ಏಕೆಂದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ.

ಹಾಲ್‌ನಲ್ಲಿ ಕೂಲರ್ ಇದೆ, ಅದನ್ನು ತೆಗೆಯಲಿಲ್ಲ. ನಮ್ಮ ಕಡೆಯ ಒಣ ಬಿಸಿಲಿಗೆ ಕೂಲರ್‌ನಂಥ ಅಗ್ಗದ ತಂಪು ಇನ್ನೊಂದಿಲ್ಲ. ಮಂಗಳೂರಿನವರಿಗೆ ಇದು ಕೆಲಸಕ್ಕೆ ಬಾರದು, ಅಲ್ಲಿಯ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ನಮಗೂ ಜೂನ್‌ನಲ್ಲಿ ಮೋಡ ಕಟ್ಟಿದ ಮೇಲೆ ಕೂಲರ್ ಗಾಳಿ ಜಿಗಿಜಿಗಿ ಅನ್ನಿಸುತ್ತದೆ. ಒಂದು ಮಾತು ನೆನಪಿಡಿ: ಎಸಿ ಇರುವ ಕೋಣೆಗೆ ಕೂಲರ್ ಗಾಳಿ ಬಿಡಬೇಡಿ. ಕೂಲರ್ ತುಂಬಿದ ತೇವವನ್ನು ಎಸಿ ಮತ್ತೆ ಹಿಂಡಿ ತೆಗೆಯಬೇಕಾಗುತ್ತದೆ, ಕರೆಂಟು ಸುಮ್ನೆ ಹೋಗುತ್ತದೆ.

ಇನ್ನು ಎಸಿ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು, ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖ ಹೊರಹಾಕುವ ಶಕ್ತಿ. ಈ ಲೆಕ್ಕ ಹೊರಗೆ 35 ಡಿಗ್ರಿ ಇರುವಾಗಿನದು. ಹೊರಗೆ 43 ಇದ್ದಾಗ ಅದೇ ಯಂತ್ರ ಅಷ್ಟು ಶಾಖ ಎಳೆಯಲಾರದು. ಹಾಗಾಗಿ ಬೆಂಗಳೂರಿನ ನೆಂಟರ ಮನೆಯಲ್ಲಿ 120 ಚದರ ಅಡಿ ಕೋಣೆಗೆ ಒಂದು ಟನ್ ಸಾಕಾದರೆ, ಸ್ಲ್ಯಾಬ್ ಕೆಳಗಿನ ನಮ್ಮ ಅಷ್ಟೇ ದೊಡ್ಡ ಕೋಣೆಗೆ ಸಾಲದು. ನಾನು ಒಂದೂವರೆ ಟನ್ ಇನ್ವರ್ಟರ್ ತೆಗೆದುಕೊಂಡೆ. ಮಧ್ಯಾಹ್ನ ಅದು ಪೂರ್ತಿ ದುಡಿಯುತ್ತದೆ, ರಾತ್ರಿ ಕೋಣೆ ತಣ್ಣಗಾದ ಮೇಲೆ ಕಂಪ್ರೆಸರ್ ವೇಗ ಇಳಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ‘ಹಾಟ್ ಅಂಡ್ ಕೋಲ್ಡ್’ ಮಾದರಿಯನ್ನೂ ತೋರಿಸಿದರು. ನಮ್ಮ ಚಳಿಗಾಲಕ್ಕೆ ಒಂದು ಕಂಬಳಿ ಸಾಕು, ಅದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಸ್ಟಾರ್ ವಿಷಯದಲ್ಲಿ ಲೇಬಲ್ ಪೂರ್ತಿ ಓದಿ. ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ. ಅದರ ಲೇಬಲ್ ಮೇಲೆ ಐಎಸ್‌ಇಇಆರ್ ಅಂತ ಒಂದು ಅಂಕಿ (ಇದು ಹೆಚ್ಚಿದ್ದಷ್ಟೂ ಅದೇ ತಂಪಿಗೆ ಕರೆಂಟು ಕಮ್ಮಿ), ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇನ್ನೊಂದು ಅಂಕಿ ಇರುತ್ತದೆ. ಆ ‘ವರ್ಷ’ ಅಂದರೆ 1600 ಗಂಟೆ. ಬಿಇಇ ಆಗಾಗ ಪಟ್ಟಿ ಬಿಗಿ ಮಾಡುತ್ತದೆ. ಹಳೇ ಪಟ್ಟಿಯ ಐದು ಸ್ಟಾರ್ ಹೊಸ ಪಟ್ಟಿಯಲ್ಲಿ ನಾಲ್ಕಕ್ಕೆ ಇಳಿಯಬಹುದು. ಅದಕ್ಕೇ ನಾನು ಸ್ಟಾರ್ ಎಣಿಸದೆ ಐಎಸ್‌ಇಇಆರ್ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡು ನೋಡಿದೆ. ನಾನು ನೋಡಿದ ಒಂದೂವರೆ ಟನ್ ಯಂತ್ರಗಳಲ್ಲಿ ಮೂರು ಸ್ಟಾರ್‌ನವು ಸಾವಿರ ಯೂನಿಟ್ ಆಸುಪಾಸು, ಐದು ಸ್ಟಾರ್‌ನವು 750ರ ಆಸುಪಾಸು ಇದ್ದವು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ವರ್ಷಕ್ಕೆ 1500 ರೂಪಾಯಿ ಉಳಿತಾಯ. ಆದರೆ ಬೆಲೆಯಲ್ಲಿ ಎಂಟು ಹತ್ತು ಸಾವಿರ ವ್ಯತ್ಯಾಸ. ಬೇಸಿಗೆಯ ರಾತ್ರಿ ಮಾತ್ರ ಹಾಕುವವರು 1600 ಗಂಟೆ ಮುಟ್ಟುವುದೇ ಇಲ್ಲ, ಅವರಿಗೆ ಮೂರು ಸ್ಟಾರ್ ಸಾಕು ಅಂತಲೇ ನಾನು ಹೇಳುತ್ತೇನೆ. ನಮ್ಮ ತಂದೆಯವರು ಮಧ್ಯಾಹ್ನವೂ ಆ ಕೋಣೆಯಲ್ಲೇ ಇರುತ್ತಾರೆ. ಅದಕ್ಕೆ ಐದು ಸ್ಟಾರ್.

ಗೃಹಜ್ಯೋತಿ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಾವೇ ಕಟ್ಟಬೇಕು. ಹಾಗಾಗಿ ಬೇಸಿಗೆಯಲ್ಲಿ ಮಲಗುವ ಮುಂಚೆ ಒಮ್ಮೆ, ಎದ್ದ ಮೇಲೆ ಒಮ್ಮೆ ಮೀಟರ್ ನೋಡುವ ರೂಢಿ ಮಾಡಿಕೊಂಡೆ. 26 ಡಿಗ್ರಿಗೆ ಇಟ್ಟು, ಫ್ಯಾನ್ ಸಣ್ಣಗೆ ಹಾಕಿದರೆ ನಮಗೆ ನಿದ್ದೆಗೆ ಏನೂ ಕೊರತೆಯಿಲ್ಲ. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಮಾಡಿದಾಗ 24ಕ್ಕೇ ಶುರುವಾಗುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ಕರೆಂಟು ಉಳಿಯುತ್ತದೆ ಅನ್ನುತ್ತದೆ ಬಿಇಇ. ಫ್ಯಾನನ್ನೂ ಕಮ್ಮಿ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟರಿನದಕ್ಕೆ ಬದಲಾಯಿಸಿದೆ. ಹಳೆಯದು 75 ವ್ಯಾಟ್ ತಿನ್ನುತ್ತಿತ್ತು, ಇದಕ್ಕೆ 30 ಸಾಕು.

ಫಿಟಿಂಗ್ ದಿನ ಮನೆಯಲ್ಲೇ ಇರಿ, ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹೊರಗಿನ ಯೂನಿಟ್ ಪಡುವಣ ಗೋಡೆಗೆ ಬೇಡ ಅಂದೆ. ಬಡಗಣ ಗೋಡೆಯ ನೆರಳಿಗೆ ಹಾಕಿಸಿದೆ, ಮುಂದೆ ಬಿಸಿಗಾಳಿ ಹೋಗಲು ಜಾಗ ಬಿಡಿಸಿದೆ. ಮೀಟರ್ ಬೋರ್ಡಿನಿಂದ 4 ಚದರ ಮಿ.ಮೀ. ತಾಮ್ರದ ವೈರ್ ಬೇರೆಯಾಗಿ ಎಳೆಸಿ, ಅದಕ್ಕೊಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದೆ. ಎಲ್ಲಕ್ಕಿಂತ ಮುಖ್ಯ ವ್ಯಾಕ್ಯೂಮ್ ಪಂಪ್. ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು. ಅವಸರದಲ್ಲಿರುವವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿಬಿಡುತ್ತಾರೆ, ಅದಕ್ಕೆ ಒಪ್ಪಬೇಡಿ. ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗೆ ಇಳಿದು, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲಬೇಕು. ಮುಳ್ಳು ಮೆಲ್ಲಗೆ ಮೇಲೇರಿತು ಅಂದರೆ ಎಲ್ಲೋ ಸೋರುತ್ತಿದೆ ಅಂತ. ಗ್ಯಾಸ್ ಬಿಟ್ಟ ಮೇಲೆ ಪೈಪಿನ ನಟ್‌ಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಅಂತ ನಾನೇ ನೋಡಿದೆ.

ನಮ್ಮ ಊರು ತೊಗರಿಯ ಊರು, ದಾಲ್ ಮಿಲ್‌ಗಳ ಊರು. ಮಿಲ್‌ಗಳು ಓಡುವ ಕಾಲಕ್ಕೆ ಫಿಲ್ಟರ್ ಬಿಚ್ಚಿದರೆ ಹಳದಿ ಹೊಟ್ಟಿನ ಧೂಳು ಹೊದಿಕೆಯಂತೆ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಲ್ಲಿ ನೀರಿಗೆ ಹಿಡಿದು ತೊಳೆದು, ನೆರಳಲ್ಲಿ ಒಣಗಿಸುತ್ತೇನೆ. ಹೊರಗಿನ ಯೂನಿಟ್ಟಿನ ಹಿಂಬದಿಯ ತಗಡಿನ ಸಾಲುಗಳಲ್ಲಿ ಈ ಹೊಟ್ಟು ಮಣ್ಣಿನ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಆಗ ಶಾಖ ಹೊರಗೆ ಹೋಗಲ್ಲ, ಕಂಪ್ರೆಸರ್ ಜಾಸ್ತಿ ಕರೆಂಟು ಎಳೆಯುತ್ತದೆ. ಎಂಸಿಬಿ ಆಫ್ ಮಾಡಿ, ಮೊದಲು ಮೃದು ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಎಳೆಯುತ್ತೇನೆ. ಅಡ್ಡ ಎಳೆದರೆ ತಗಡು ಮಡಚಿಕೊಳ್ಳುತ್ತದೆ. ಆಮೇಲೆ ಪೈಪಿನಿಂದ ಸಣ್ಣ ಒತ್ತಡದ ನೀರು. ಒಳಗಿನ ಕಾಯಿಲ್ ಮತ್ತು ಬ್ಲೋವರ್ ತೊಳೆಯುವುದಕ್ಕೆ ಮಾತ್ರ ಫೆಬ್ರವರಿಯಲ್ಲಿ ಮೆಕ್ಯಾನಿಕ್ ಕರೆಸುತ್ತೇನೆ. ಮಾರ್ಚ್ ಆದರೆ ಅವರು ಸಿಗುವುದೇ ಕಷ್ಟ.

ಗ್ಯಾಸ್ ಬಗ್ಗೆ ಒಂದಿಷ್ಟು ಹೇಳಲೇಬೇಕು. ಸರ್ವೀಸ್‌ಗೆ ಬಂದ ಒಬ್ಬರು ನನಗೂ ಹೇಳಿದ್ದರು, ‘ಗ್ಯಾಸ್ ಕಮ್ಮಿ ಆಗ್ಯಾದ್ರಿ, ಹಾಕಿಸ್ಬೇಕು’ ಅಂತ. ಎಸಿಯ ಗ್ಯಾಸ್ ಉರಿದು ಖಾಲಿ ಆಗುವ ವಸ್ತು ಅಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಮ್ಮಿ ಆಗಿದ್ದರೆ ಸೋರಿಕೆ ಇದೆ. ಸೋರಿಕೆ ಮುಚ್ಚದೆ ತುಂಬಿದರೆ ಮುಂದಿನ ವರ್ಷ ಮತ್ತೆ ಅದೇ ಮಾತು. ನಾನು ಥರ್ಮಾಮೀಟರ್ ಹಿಡಿದು ಅವರ ಎದುರಿಗೇ ನೋಡಿದೆ. ಎಸಿ ಪೂರ್ತಿ ಓಡುವಾಗ ಒಳಗೆ ಎಳೆಯುವ ಗಾಳಿಗೂ ಬೀಸುವ ಗಾಳಿಗೂ ಹತ್ತು ಡಿಗ್ರಿಯಷ್ಟು ಅಂತರ ಇತ್ತು, ಪೈಪಿನ ಮೇಲೆ ಮಂಜುಗಡ್ಡೆ ಕಟ್ಟಿರಲಿಲ್ಲ. ಗ್ಯಾಸ್ ಬೇಡ ಅಂದು ಕಳಿಸಿದೆ. ನಿಜವಾಗಿ ಸೋರಿದ್ದರೆ ನೈಟ್ರೋಜನ್ ಒತ್ತಡ ಕೊಟ್ಟು ತೂತು ಹುಡುಕಿ, ಮುಚ್ಚಿ, ಮತ್ತೆ ವ್ಯಾಕ್ಯೂಮ್ ಮಾಡಿ, ಯಂತ್ರದ ಮೇಲೆ ಬರೆದಷ್ಟು ಗ್ರಾಂ ತೂಕ ಮಾಡಿಯೇ ತುಂಬಬೇಕು. ಈಗಿನ ಆರ್-32 ಗ್ಯಾಸ್ ಸ್ವಲ್ಪ ಉರಿಯುವ ಗುಣದ್ದು, ಹಾಗಾಗಿ ಇದು ಕಂಡವರ ಕೈಗೆ ಕೊಡುವ ಕೆಲಸ ಅಲ್ಲ.

ಮಳೆ ಹಿಡಿದು ಎಸಿ ಬೇಡವಾದ ಮೇಲೆ ಒಂದು ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸುತ್ತೇನೆ. ಒಳಗಿನ ಕಾಯಿಲ್ ಒಣಗುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಆಮೇಲೆ ಫಿಲ್ಟರ್ ತೊಳೆದು ಹಾಕಿ, ರಿಮೋಟಿನ ಸೆಲ್ ತೆಗೆದು, ಎಂಸಿಬಿ ಇಳಿಸಿಬಿಡುತ್ತೇನೆ.