ಫ್ಲೆಕ್ಸ್ ಆಮೇಲೆ, ಮೊದಲು ನೋಟ್‌ಬುಕ್: ಊರಲ್ಲಿ ಯುವಕ-ಯುವತಿಯರ ಸಂಘ ಕಟ್ಟುವುದು ಹೇಗೆ?

ಕೋಲಾರ ಜಿಲ್ಲೆಯ ಬಹಳಷ್ಟು ಊರುಗಳಲ್ಲಿ ಬಸ್‌ಸ್ಟಾಪಿನ ಹತ್ತಿರ ಯುವಕರ ಸಂಘದ ಬೋರ್ಡೊಂದು ಕಾಣುತ್ತದೆ. ಬಣ್ಣ ಮಾಸಿರುತ್ತದೆ. ಸಂಘ ಇದೆಯಾ ಎಂದು ಕೇಳಿದರೆ "ಗಣೇಶನ ಟೈಮಲ್ಲಿ ಇರುತ್ತೆ" ಎನ್ನುತ್ತಾರೆ.

ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ನಾವು ಕಟ್ಟಿದ ಮೊದಲ ಸಂಘಕ್ಕೆ ಅಷ್ಟು ಆಯಸ್ಸೂ ಇರಲಿಲ್ಲ. ನಾನೇ ಖಜಾಂಚಿ. ಗಣೇಶನ ಚಂದಾ ಎತ್ತಿದ್ದೆವು. ಶಾಮಿಯಾನ, ಮೈಕ್‌ಸೆಟ್ಟು, ಹೂವು, ಪ್ರಸಾದದ ಸಾಮಾನು, ಎಲ್ಲದಕ್ಕೂ ಚೀಟಿ ಇಸ್ಕೊಂಡಿದ್ದೆ. ಚೀಟಿಗಳೆಲ್ಲ ಅಂಗಿ ಜೇಬಿನಲ್ಲಿದ್ದವು. ಅಮ್ಮ ಅಂಗಿಯನ್ನು ನೆನೆಹಾಕಿಬಿಟ್ಟಳು. ಕೂಡಿ ಕಳೆದು ನೋಡಿದರೆ 1,340 ರೂಪಾಯಿಗೆ ಲೆಕ್ಕವೇ ಸಿಗಲಿಲ್ಲ. ನಾನು ತಿಂದೆ ಎಂದು ಯಾರೂ ಅನ್ನಲಿಲ್ಲ. ಮುಂದಿನ ಸಭೆಗೆ ಯಾರೂ ಬರಲೂ ಇಲ್ಲ.

ಕೆಲವು ವರ್ಷ ಬಿಟ್ಟು ಇನ್ನೊಂದು ಸಂಘ ಕಟ್ಟಿದೆವು. ಅದು ಇನ್ನೂ ನಡೀತಾ ಇದೆ. ಅಕ್ಕಪಕ್ಕದ ಊರಿನ ಹುಡುಗರು ಬಂದು "ಹೇಗೆ ಮಾಡಿದ್ರಿ ಅಣ್ಣಾ?" ಎಂದು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೂರುವ ಜಾಗ, ಕೂರುವ ಹೊತ್ತು

ಐವತ್ತು ಜನರನ್ನು ಸೇರಿಸುತ್ತೇನೆ ಎಂದು ಹೊರಡಬೇಡಿ. ಎಂಟು ಹತ್ತು ಜನ ಸಾಕು. ಆದರೆ ಆ ಹತ್ತೂ ಜನ ಒಂದೇ ಬೀದಿಯವರಾಗಬಾರದು. ಕಾಲೋನಿಯವರು ಇರಬೇಕು, ಹುಡುಗಿಯರು ಇರಬೇಕು, ಓದು ಬಿಟ್ಟು ಟೊಮ್ಯಾಟೊ ತೋಟಕ್ಕೆ ಹೋಗುವವನೂ ಇರಬೇಕು.

ಇದೆಲ್ಲ ಜಾಗದ ಮೇಲೆ ನಿಂತಿದೆ. ದೇವಸ್ಥಾನದ ಜಗಲಿ ಬೇಡ. ಅಲ್ಲಿ ಕೆಲವರು ಕೆಳಗೇ ನಿಲ್ಲುತ್ತಾರೆ, ಯಾಕೆ ಅಂತ ನಿಮಗೂ ಗೊತ್ತು. ಯಾರದೋ ಮನೆ ಪಡಸಾಲೆಯೂ ಬೇಡ. ಶಾಲೆಯ ವರಾಂಡ, ಡೈರಿ ಕಟ್ಟಡ, ಪಂಚಾಯಿತಿಯ ಅರಿವು ಕೇಂದ್ರ (ಅಂದರೆ ಲೈಬ್ರರಿ), ಇವು ಎಲ್ಲರ ಜಾಗ.

ಹೊತ್ತನ್ನು ಡೈರಿ ನೋಡಿ ಇಟ್ಟುಕೊಳ್ಳಿ. ನಮ್ಮ ಕಡೆ ಬೆಳಿಗ್ಗೆ, ಸಂಜೆ ಹಾಲು ಹಾಕುವ ಹೊತ್ತಲ್ಲಿ ಸಭೆ ಕರೆದರೆ ಕರೆದವನೊಬ್ಬನೇ ಕೂತಿರಬೇಕು. ನಾವು ಮೊದಲು ರಾತ್ರಿ ಎಂಟಕ್ಕೆ ಸೇರುತ್ತಿದ್ದೆವು. ಹುಡುಗಿಯರು ಒಬ್ಬರೂ ಬರಲಿಲ್ಲ. ಅವರಿಗೆ ಆಸಕ್ತಿ ಇಲ್ಲ ಎಂದು ನಾವೇ ತೀರ್ಮಾನ ಮಾಡಿಕೊಂಡೆವು. ಭಾನುವಾರ ಮಧ್ಯಾಹ್ನ ಮೂರಕ್ಕೆ ಬದಲಾಯಿಸಿ, ನಾಲ್ಕು ಮನೆಗೆ ಹೋಗಿ ತಾಯಂದಿರ ಹತ್ತಿರ ಮಾತಾಡಿದ ಮೇಲೆ ಆರು ಜನ ಬಂದರು.

ಇನ್ನೊಂದು ವಿಷಯ. ಈ ಭಾಗದಲ್ಲಿ ಅರ್ಧ ಮನೆಗಳಲ್ಲಿ ತೆಲುಗು. ಸಭೆಯಲ್ಲಿ ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲೇ ಮಾತಾಡಲಿ, ತಡೆಯಬೇಡಿ. ಬರೆಯುವುದು ಮಾತ್ರ ಕನ್ನಡದಲ್ಲಿ ಇರಲಿ. ತೆಲುಗಲ್ಲಿ ಕೇಳಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದೇ ಒಂದು ಒಳ್ಳೆ ಪಾಠ.

200 ಪುಟದ ನೋಟ್‌ಬುಕ್

ಮೊದಲ ಸಭೆಯ ದಿನವೇ ಎರಡು ನೋಟ್‌ಬುಕ್ ತನ್ನಿ. ಒಂದು ನಡಾವಳಿಗೆ, ಒಂದು ದುಡ್ಡಿಗೆ.

ನಡಾವಳಿಯಲ್ಲಿ ಭಾಷಣ ಬರೆಯಬೇಕಿಲ್ಲ. ತಾರೀಖು, ಬಂದವರ ಸಹಿ, ಏನು ತೀರ್ಮಾನವಾಯಿತು, ಅದನ್ನು ಯಾರು ಮಾಡುತ್ತಾರೆ, ಯಾವತ್ತಿನೊಳಗೆ. ಇಷ್ಟೇ. "ಎಲ್ಲರೂ ಸೇರಿ ಮಾಡುವುದು" ಎಂದು ಬರೆದರೆ ಅದನ್ನು ಯಾರೂ ಮಾಡುವುದಿಲ್ಲ, ಒಂದು ಹೆಸರು ಬರೆಯಿರಿ. ಮುಂದಿನ ಸಭೆ ಶುರುವಾಗುವುದು ಹಿಂದಿನ ಪುಟವನ್ನು ಜೋರಾಗಿ ಓದುವುದರಿಂದ. ಕೆಲಸ ಆಗಿಲ್ಲದವನು ಆಗಿಲ್ಲ ಎಂದು ಎಲ್ಲರ ಮುಂದೆ ಹೇಳಬೇಕು. ಬೈಯುವ ಅಗತ್ಯವೇ ಬೀಳಲ್ಲ.

ದುಡ್ಡಿನ ಪುಸ್ತಕ ಒಬ್ಬರ ಹತ್ತಿರ, ದುಡ್ಡು ಇನ್ನೊಬ್ಬರ ಹತ್ತಿರ ಇರಲಿ. ಖರ್ಚಿನ ಚೀಟಿಯನ್ನು ಅದೇ ದಿನ ಪುಸ್ತಕಕ್ಕೆ ಅಂಟಿಸಿ. ಚೀಟಿ ಕೊಡದ ಕಡೆ, ಅಂದರೆ ಆಟೊ, ಟೀ, ಇಂಥದ್ದಕ್ಕೆ ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಹಿ ಹಾಕಿ. ತಿಂಗಳ ಕೊನೆಗೆ ಬಾಕಿ ಎಷ್ಟಿದೆ ಎಂದು ಓದಿ ಹೇಳಿ. 85 ರೂಪಾಯಿ ಇದ್ದರೂ ಓದಿ.

ಜೋರು ಬಾಯಿಯವನ ಕೈಗೆ ಪೆನ್ನು

ಸಂಘ ಅಂದ ತಕ್ಷಣ ಅಧ್ಯಕ್ಷ ಯಾರು ಎಂಬ ಜಗಳ ಶುರುವಾಗುತ್ತೆ. ಅದನ್ನು ಮುಂದಕ್ಕೆ ಹಾಕಿ. ಮೊದಲ ಆರು ತಿಂಗಳು ಅಧ್ಯಕ್ಷರೇ ಬೇಡ. ಒಂದೊಂದು ಸಭೆಯನ್ನು ಒಬ್ಬೊಬ್ಬರು ನಡೆಸಲಿ. ಚೆನ್ನಾಗಿ ನಡೆಸದಿದ್ದರೂ ನಡೆಸಲಿ. ನೀವು ಎದ್ದು ಸರಿಮಾಡಲು ಹೋದರೆ ಆ ಹುಡುಗ ಇನ್ಮೇಲೆ ನಿಮ್ಮ ಮುಖ ನೋಡಿಯೇ ಮಾತಾಡುತ್ತಾನೆ.

ಪ್ರತಿ ಗುಂಪಿನಲ್ಲೂ ಬೇರೆಯವರಿಗೆ ಬಾಯಿ ತೆರೆಯಲು ಬಿಡದ ಒಬ್ಬ ಇರುತ್ತಾನೆ. ಅವನಿಗೆ ನಡಾವಳಿ ಬರೆಯುವ ಕೆಲಸ ಕೊಡಿ. ಬರೆಯುವಾಗ ಮಾತಾಡಲು ಆಗಲ್ಲ, ಕೇಳಿಸಿಕೊಳ್ಳಲೇಬೇಕು. ನಮ್ಮ ಸಂಘದಲ್ಲಿ ಈ ಉಪಾಯ ಚೆನ್ನಾಗಿ ಕೆಲಸ ಮಾಡಿತು. ಮಾತೇ ಆಡದವರಿಗೆ ಹಿಂದಿನ ಪುಟ ಓದುವ ಕೆಲಸ. ಸ್ವಂತ ಮಾತಿಗಿಂತ ಬರೆದದ್ದನ್ನು ಓದುವುದು ಸುಲಭ, ಅಲ್ವಾ?

ಒಂದು ಅರ್ಜಿ ಬರೆದು ನೋಡಿ

ನಾಯಕತ್ವ ತರಬೇತಿ ಎಂದು ಹೊರಗಿನವರನ್ನು ಕರೆಸಿ ಹಾರ ಹಾಕುವುದಕ್ಕಿಂತ ಒಂದು ಬೀದಿದೀಪ ಹತ್ತಿಸುವುದು ಜಾಸ್ತಿ ಕಲಿಸುತ್ತದೆ. ನಮ್ಮ ಹುಡುಗರು ಬರೆದ ಮೊದಲ ಅರ್ಜಿ ಹೀಗಿತ್ತು: "ನಮ್ಮ ಗ್ರಾಮದಲ್ಲಿ ಅನೇಕ ಸಮಸ್ಯೆಗಳಿದ್ದು, ತಾವು ದಯಮಾಡಿ ಬಗೆಹರಿಸಿಕೊಡಬೇಕಾಗಿ ಕೋರಿಕೆ." ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಆದವರು ಇದನ್ನಿಟ್ಟುಕೊಂಡು ಏನು ಮಾಡಬೇಕು?

ಯಾವ ಸಮಸ್ಯೆ ಎಂದೆ. ದೀಪ ಅಂದರು. ಎಷ್ಟು ದೀಪ? ಗೊತ್ತಿಲ್ಲ. ಆ ರಾತ್ರಿ ನಾಲ್ವರು ಮೊಬೈಲ್ ಬೆಳಕು ಹಿಡಿದು ಊರು ಸುತ್ತಿದರು. 23 ಕಂಬ, ಹತ್ತದ್ದು 5. ಅದರಲ್ಲಿ ಒಂದು ಕಂಬದಲ್ಲಿ ಬಲ್ಬೇ ಇರಲಿಲ್ಲ. ಎರಡನೇ ಅರ್ಜಿಯಲ್ಲಿ ಯಾವ ಕಂಬ, ಯಾರ ಮನೆ ಎದುರು, ಎಷ್ಟು ದಿನದಿಂದ ಎಂದು ಪಟ್ಟಿ ಇತ್ತು. ಕೊನೆಯಲ್ಲಿ, ಶಾಲೆ ತಿರುವಿನಲ್ಲಿ ಸಂಜೆ ಟ್ಯೂಷನ್ ಮುಗಿಸಿ ಮಕ್ಕಳು ನಡೆದು ಬರುತ್ತಾರೆ ಎಂದು ಒಂದು ಸಾಲು.

ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಜೊತೆ ಸೀಲು ಹಾಕಿಸಿಕೊಂಡು ಬನ್ನಿ. ಸೀಲಿಲ್ಲದ ಅರ್ಜಿ ಕೊಟ್ಟಂತಲ್ಲ. ನಾಲ್ಕು ದೀಪ ಬಂದವು. ಐದನೆಯದಕ್ಕೆ ಸೀಲಿನ ಪ್ರತಿ ಹಿಡಿದು ಮೂರು ಸಲ ಹೋಗಬೇಕಾಯಿತು. ಕೊನೆಗೆ ಗ್ರಾಮಸಭೆಯಲ್ಲಿ ಎದ್ದು ಕೇಳಿದರು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಅಲ್ಲಿ ಎದ್ದು ಕೇಳಿದವಳು, ಮೊದಲ ಮೂರು ಸಭೆಗಳಲ್ಲಿ ಬರೀ ಹಿಂದಿನ ಪುಟ ಓದುತ್ತಿದ್ದ ಹುಡುಗಿ.

ಸುಮ್ನೆ ನಾಟಕ ಆಡಿ

ವಿಶ್ವ ಆರೋಗ್ಯ ಸಂಸ್ಥೆ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿದೆ. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳುವುದು, ತೀರ್ಮಾನ ತೆಗೆದುಕೊಳ್ಳುವುದು, ಒತ್ತಡ ತಾಳುವುದು ಇತ್ಯಾದಿ. ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಏನೂ ಆಗಲ್ಲ. ಸಭೆಯ ಕೊನೆಯ ಇಪ್ಪತ್ತು ನಿಮಿಷ ಒಂದು ಸಣ್ಣ ಆಟ ಇಟ್ಟುಕೊಳ್ಳಿ.

ಒಬ್ಬ ಬ್ಯಾಂಕ್ ಮ್ಯಾನೇಜರ್, ಇನ್ನೊಬ್ಬ ಸಾಲ ಕೇಳುವವನು. ಒಬ್ಬಳು ಅಪ್ಪ, ಇನ್ನೊಬ್ಬಳು "ಡಿಗ್ರಿ ಮುಗಿಯೋವರೆಗೆ ಮದುವೆ ಬೇಡಪ್ಪಾ" ಎನ್ನುವ ಮಗಳು. ಅಪ್ಪನ ಪಾತ್ರ ಮಾಡಿದವಳು ಬಿಟ್ಟುಕೊಡಬಾರದು, ಆಗಲೇ ಮಜಾ. ಕುಡಿಯಲು ಕರೆಯುವ ಗೆಳೆಯನಿಗೆ ಬೇಜಾರಾಗದಂತೆ ಇಲ್ಲ ಅನ್ನುವುದು ಎಲ್ಲಕ್ಕಿಂತ ಕಷ್ಟದ ಪಾತ್ರ. ನಮ್ಮಲ್ಲಿ ಒಬ್ಬ ಆರು ಸಲ ಪ್ರಯತ್ನಿಸಿ, "ನಾಳೆ ಬೆಳಿಗ್ಗೆ ಹಾಲು ಕರೀಬೇಕು ಮಗಾ" ಎಂಬಲ್ಲಿಗೆ ಬಂದು ನಿಂತ. ಅದು ಸುಳ್ಳೂ ಅಲ್ಲ.

ಇಂಥ ಆಟದಲ್ಲಿ ಕೆಲವೊಮ್ಮೆ ನಿಜವಾದ ನೋವು ಹೊರಗೆ ಬರುತ್ತದೆ. ಯಾರಾದರೂ ಅತ್ತರೆ, ಮಂಕಾದರೆ, ಬುದ್ಧಿ ಹೇಳಲು ಹೋಗಬೇಡಿ. ಪಕ್ಕದಲ್ಲಿ ಕೂತು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ. ಈ ನಂಬರನ್ನು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದಿಡಿ.

ನೋಂದಣಿ ಯಾವಾಗ?

ಅವಸರ ಬೇಡ. ಆರು ತಿಂಗಳು ಸಭೆ ನಿಲ್ಲದೆ ನಡೆದರೆ ಆಮೇಲೆ ಮಾಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು, 18 ತುಂಬಿರಬೇಕು. ಬೈಲಾ, ಅಂದರೆ ಸಂಘದ ನಿಯಮಗಳನ್ನು ಬರೆಯಬೇಕು. ನೋಂದಣಿ ಆದ ಮೇಲೆ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಲೆಕ್ಕಪತ್ರ, ಸಮಿತಿಯವರ ಪಟ್ಟಿ ಸಲ್ಲಿಸುವುದು ತಪ್ಪುವುದಿಲ್ಲ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇಡಿ. ಇಬ್ಬರೂ ಒಂದೇ ಮನೆಯವರಾಗಬಾರದು.

ಹಳ್ಳಿಯ ಯುವಕ ಮಂಡಲಗಳಿಗೆ ಹಿಂದಿನಿಂದ ಜೊತೆಯಾಗಿದ್ದದ್ದು 1972ರಲ್ಲಿ ಶುರುವಾದ ನೆಹರೂ ಯುವ ಕೇಂದ್ರ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ಮೇರಾ ಯುವ ಭಾರತ್ ವೇದಿಕೆ ಆರಂಭಿಸಿತು. 15ರಿಂದ 29 ವರ್ಷದವರು ಅದರಲ್ಲಿ ಹೆಸರು ಬರೆಸಬಹುದು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಹೋಗುವಾಗ ನಡಾವಳಿ ಪುಸ್ತಕ ಕೈಯಲ್ಲಿರಲಿ.

ಹೋಗುವವರು ಹೋಗುತ್ತಾರೆ

ನಮ್ಮ ಜಿಲ್ಲೆಯ ಸಂಘಗಳು ಜಗಳದಿಂದ ಸಾಯುವುದು ಕಮ್ಮಿ, ಕೆಲಸದಿಂದ ಸಾಯುವುದು ಜಾಸ್ತಿ. ಒಬ್ಬ ನರಸಾಪುರದ ಫ್ಯಾಕ್ಟರಿ ಶಿಫ್ಟಿಗೆ ಸೇರುತ್ತಾನೆ, ಇನ್ನೊಬ್ಬ ಬಂಗಾರಪೇಟೆಯಿಂದ ಬೆಂಗಳೂರಿನ ಟ್ರೈನು ಹಿಡಿಯುತ್ತಾನೆ, ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ. ಅದಕ್ಕೇ ಪ್ರತಿ ಕೆಲಸಕ್ಕೂ ಇಬ್ಬರು ಇರಬೇಕು. ಒಬ್ಬರು ಮಾಡುವವರು, ಒಬ್ಬರು ಪಕ್ಕದಲ್ಲಿ ಕೂತು ನೋಡುವವರು. ಪಿಯುಸಿ ಓದುತ್ತಿರುವ ಮಕ್ಕಳನ್ನು ಈಗಲೇ ಕೂರಿಸಿಕೊಳ್ಳಿ.

ನಮ್ಮ ಈಗಿನ ಖಜಾಂಚಿ ಬಿ.ಕಾಂ. ಓದುವ ಹುಡುಗಿ. ಪುಸ್ತಕ ವಹಿಸಿಕೊಂಡ ದಿನ ನಾನು ಆ ಒಗೆದ ಅಂಗಿಯ ಕಥೆ ಹೇಳಿ ಎಲ್ಲರನ್ನೂ ನಗಿಸಲು ನೋಡಿದೆ. ಅವಳು ನಗಲಿಲ್ಲ. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ "ಹಳೆ ಬಾಕಿ: 1,340" ಎಂದು ಬರೆದು, ಎದುರಿಗೆ ನನ್ನ ಹೆಸರು ಬರೆದಳು. ಎರಡು ಕಂತಿನಲ್ಲಿ ಕಟ್ಟಿದೆ. ರಸೀದಿ ಕೊಟ್ಟಳು, ಅದನ್ನು ಜೇಬಿಗೆ ಹಾಕಿಕೊಳ್ಳಲು ಮಾತ್ರ ಬಿಡಲಿಲ್ಲ.