ಕ್ಯಾನ್ವಾದಲ್ಲಿ ಜೋಡಿಸಿದ ನನ್ನ ಎಲೆಯಚ್ಚುಗಳು ಗೋಡೆಗೇರಿದ ಬಗೆ

ಕ್ಯಾನ್ವಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಮಾಡಿದ್ದನ್ನು ಕಲೆಯೆಂದು ಕರೆಯಬಾರದು ಎಂದು ನನಗೆ ಹೇಳಿದವರಲ್ಲಿ ಹೆಚ್ಚಿನವರು ನಾನು ಗೌರವಿಸುವ ಚಿತ್ರಕಾರರೇ. ಆದ್ದರಿಂದ ವಾದಕ್ಕಿಳಿಯದೆ ಮಾಡಿ ತೋರಿಸಲು ನಿರ್ಧರಿಸಿದೆ. ಈಗ ಮಡಿಕೇರಿ ಮತ್ತು ವಿರಾಜಪೇಟೆಯ ಸುತ್ತಲಿನ ಹಲವು ಹೋಂಸ್ಟೇಗಳ ಗೋಡೆಯ ಮೇಲೆ ನನ್ನ ಎಲೆಯಚ್ಚುಗಳಿವೆ. ಚೌಕಟ್ಟು ಸಮೇತ ಒಂದಕ್ಕೆ ಸುಮಾರು 1,800 ರೂಪಾಯಿ ಕೊಟ್ಟವರಲ್ಲಿ ಒಬ್ಬರೂ ಯಾವ ತಂತ್ರಾಂಶ ಬಳಸಿದಿರಿ ಎಂದು ಕೇಳಿ ಬೆಲೆ ಇಳಿಸಲಿಲ್ಲ.

ಸಿದ್ಧ ಟೆಂಪ್ಲೇಟುಗಳಿಂದ ಏನೂ ಸಾಧ್ಯವಾಗಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕಾಫಿ ಪುಡಿಯ ಪೊಟ್ಟಣವೊಂದಕ್ಕೆ ಕ್ಯಾನ್ವಾದ ಚಿತ್ರಸಂಗ್ರಹದಿಂದ ಆರಿಸಿಕೊಟ್ಟ ಹೂಗೊಂಚಲು, ಬಣ್ಣ ಮಾತ್ರ ಬದಲಾಗಿ, ಕುಶಾಲನಗರದ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ಆ ಸಂಗ್ರಹದ ಚಿತ್ರಗಳ ಪರವಾನಗಿ ಯಾರೊಬ್ಬರಿಗೇ ಮೀಸಲಲ್ಲವಾದ್ದರಿಂದ ಅವುಗಳಿಂದ ಮಾಡಿದ ಲೋಗೋವನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲೂ ಬರುವುದಿಲ್ಲ. ಕಾಫಿ ಪುಡಿಯ ಆ ಗ್ರಾಹಕರು ನನಗೆ ಕೊಡಬೇಕಿದ್ದ ಬಾಕಿಯಲ್ಲಿ ಎರಡು ಸಾವಿರದಷ್ಟು ಮುರಿದುಕೊಂಡರು. ಅಂದಿನಿಂದ ಹಾಳೆಯ ಮೇಲಿನ ಪ್ರತಿ ಗೆರೆಯೂ ಕಾಫಿ ತೋಟದಿಂದಲೇ ಬರಬೇಕು, ತಂತ್ರಾಂಶ ಜೋಡಣೆಗಷ್ಟೇ ಇರಬೇಕು ಎಂಬುದು ನನ್ನ ನಿಯಮವಾಯಿತು.

ಎಲೆಗೆ ರೋಲರಿನಿಂದ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು ಎಲ್ಲರಿಗೂ ಗೊತ್ತಿರುವ ಕೆಲಸ. ರೊಬಸ್ಟಾ ಕಾಫಿಯ ಎಲೆ ಅಗಲವಾಗಿ ಅಲೆಯಲೆಯಾಗಿರುವುದರಿಂದ ನರಗಳ ನಡುವಿನ ತಗ್ಗುಗಳು ಬಿಳಿಯಾಗಿಯೇ ಉಳಿಯುತ್ತವೆ, ಮತ್ತು ಆ ಬಿಳಿಯೇ ಚಿತ್ರಕ್ಕೆ ಉಸಿರು ಕೊಡುತ್ತದೆ. ಅರೇಬಿಕಾ ಕಾಫಿ ಎಲೆಯ ನುಣುಪಾದ ಮೇಲ್ಮೈ ಶಾಯಿಯನ್ನು ಹಿಡಿಯುವುದಿಲ್ಲ, ಹಿಂಬದಿಯನ್ನೇ ಒತ್ತಬೇಕು. ಶಾಯಿಗೆ ನಾನು ಬೆರೆಸುವ ವಸ್ತುವನ್ನೂ ಎಲೆಯನ್ನು ಬಾಡಿಸುವ ಅವಧಿಯನ್ನೂ ಇಲ್ಲಿ ಬರೆಯುವುದಿಲ್ಲ. ಅವು ನನ್ನ ಗಳಿಕೆ.

ಅಚ್ಚನ್ನು ಸ್ಕ್ಯಾನ್ ಮಾಡಿ ಕ್ಯಾನ್ವಾಕ್ಕೆ ತಂದ ಮೇಲೆ ಹಿನ್ನೆಲೆ ಅಳಿಸುವ ಸೌಲಭ್ಯವೇ ಕಾಟ ಕೊಟ್ಟಿತು. ಸಿಲ್ವರ್ ಓಕ್ ಮರದ ಎಲೆಯ ಸೀಳು ಸೀಳಾದ ಅಂಚನ್ನು ಅದು ಅಲ್ಲಲ್ಲಿ ತಿಂದುಹಾಕುತ್ತಿತ್ತು. ಕೊನೆಗೆ ಹಿನ್ನೆಲೆಯನ್ನು ಅಳಿಸುವುದನ್ನೇ ಬಿಟ್ಟು, ಕಾಗದದ ಒರಟುತನವನ್ನೂ ಚಿತ್ರದ ಭಾಗವಾಗಿ ಉಳಿಸಿಕೊಂಡಾಗ ಹಾಳೆಗೆ ಮೊದಲಿಲ್ಲದ ಗಟ್ಟಿತನ ಬಂತು.

ಕನ್ನಡ ಅಕ್ಷರಗಳದು ಬೇರೆಯೇ ಕಥೆ. ಟೆಂಪ್ಲೇಟಿನ ಸಾಲಂತರ ಇಂಗ್ಲಿಷಿಗೆ ಹೊಂದಿಸಿದ್ದು. ಮೇಲಿನ ಸಾಲಿನ 'ಪುತ್ತರಿ'ಯ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಾಲೂ ತಮ್ಮ, ಅನೇಕ್ ಕನ್ನಡ ಮುಂತಾದ ಒಳ್ಳೆಯ ಫಾಂಟುಗಳಿದ್ದರೂ ಅಚ್ಚಿನ ಒರಟು ಗೆರೆಯ ಪಕ್ಕದಲ್ಲಿ ಅವು ತೀರಾ ನಯವಾಗಿ ಕಂಡವು. ಬಿದಿರಿನ ಲೇಖನಿಯಲ್ಲಿ ಶೀರ್ಷಿಕೆಗಳನ್ನು ಬರೆದು, ಅವನ್ನೂ ಚಿತ್ರವಾಗಿಯೇ ಸೇರಿಸಿದೆ.

ಹಣ ಹೆಚ್ಚು ಕರಗಿದ್ದು ಬಣ್ಣದಲ್ಲಿ. ಪರದೆಯ ಮೇಲೆ ಹೊಳೆಯುವ ಹಸಿರು ಮುದ್ರಣದಲ್ಲಿ ಕಂದಿ, ಬಾಡಿದ ಸೊಪ್ಪಿನ ಬಣ್ಣಕ್ಕೆ ತಿರುಗುತ್ತಿತ್ತು. ಮೈಸೂರಿನಲ್ಲಿ ಪ್ರಾಯೋಗಿಕ ಪ್ರತಿಗಳಿಗೇ ನಾಲ್ಕೈದು ಸಾವಿರ ಹೋಗಿರಬೇಕು. ಆಮೇಲೆ ಹಸಿರಿನ ಹತ್ತಾರು ಛಾಯೆಗಳ ಚೌಕಗಳನ್ನು ಅದೇ ಕಾಗದದಲ್ಲಿ, ಅದೇ ಯಂತ್ರದಲ್ಲಿ ಮುದ್ರಿಸಿಕೊಂಡು ಬಂದೆ. ಈಗ ಬಣ್ಣವನ್ನು ಆರಿಸುವುದು ಆ ಹಾಳೆಯನ್ನು ನೋಡಿಯೇ.

ನಡುವೆ ಕಾಫಿ ಡಿಕಾಕ್ಷನ್ನಿನಿಂದ ಕಾಗದಕ್ಕೆ ಬಣ್ಣ ಕಟ್ಟಲು ಹೊರಟೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿ ಬಂದ ಹಾಳೆಗಳಿಗೆ ಜುಲೈ ಮಳೆಯಲ್ಲಿ ಬೂಷ್ಟು ಹಿಡಿಯಿತು. ಆದರೆ ಆ ಬೂಷ್ಟಿನ ಕಲೆಗಳನ್ನು ಸ್ಕ್ಯಾನ್ ಮಾಡಿ ಹಿನ್ನೆಲೆಯಾಗಿಟ್ಟ ಒಂದು ಚಿತ್ರವೇ ಎಲ್ಲಕ್ಕಿಂತ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಯಿತು.

ಪ್ರದರ್ಶನವೊಂದರ ಆಯ್ಕೆಯಲ್ಲಿ, "ನೀವು ಜೋಡಿಸಿದ್ದೀರಿ, ರಚಿಸಿಲ್ಲ" ಎಂದು ನನ್ನ ಹಾಳೆಗಳನ್ನು ಮರಳಿಸಿದರು. ಒಂದು ಚಿತ್ರಕ್ಕಾಗಿ ಮೂವತ್ತು ನಲವತ್ತು ಎಲೆ ಒತ್ತಿ, ಮೂರನ್ನೋ ನಾಲ್ಕನ್ನೋ ಉಳಿಸಿಕೊಂಡು, ಅವುಗಳ ನಡುವಿನ ಖಾಲಿ ಜಾಗವನ್ನು ದಿನಗಟ್ಟಲೆ ತಿದ್ದುವುದು ರಚನೆಯಲ್ಲದೆ ಮತ್ತೇನು? 1957ರ ಕೃತಿಸ್ವಾಮ್ಯ ಕಾಯ್ದೆಯ 2(ಸಿ) ಕಲಮು ರೇಖಾಚಿತ್ರ, ವರ್ಣಚಿತ್ರ, ಛಾಯಾಚಿತ್ರಗಳನ್ನು ಅವುಗಳಲ್ಲಿ ಕಲಾತ್ಮಕ ಗುಣವಿರಲಿ, ಇಲ್ಲದಿರಲಿ ಕಲಾಕೃತಿಗಳೆಂದೇ ಪರಿಗಣಿಸುತ್ತದೆ. ಹೀಗಾಗಿ ಗುಣವನ್ನು ತೀರ್ಮಾನಿಸಬೇಕಾದವರು ನೋಡುವವರು, ಮತ್ತು ಅವರು ನೋಡಬೇಕಾದದ್ದು ಹಾಳೆಯನ್ನು, ಉಪಕರಣವನ್ನಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು ಚಿತ್ರಗಳನ್ನು ಮನೆಮನೆಗೆ ತಲುಪಿಸಿದ್ದೂ ಯಂತ್ರದ ಸಹಾಯದಿಂದಲೇ. ಹಾಗೆಂದು ಟೆಂಪ್ಲೇಟಿನಲ್ಲಿ ಹೆಸರು ಬದಲಿಸಿದ ಶುಭಾಶಯ ಪತ್ರವನ್ನು ಕಲೆಯೆಂದು ಒಪ್ಪಲು ನಾನೂ ಸಿದ್ಧನಿಲ್ಲ. ಅಲ್ಲಿ ಆಯ್ಕೆಗಳೆಲ್ಲ ಬೇರೆಯವರವು.

ಕಾಗದ, ಮುದ್ರಣ, ಚೌಕಟ್ಟು, ಸಾಗಾಟ ಸೇರಿ ಒಂದು ಪ್ರತಿಗೆ 800ರಿಂದ 850 ರೂಪಾಯಿ ತಗಲುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ಅಂತರವಿಡಲು ಸ್ವಲ್ಪ ಹೆಚ್ಚು ಖರ್ಚಾದರೂ ಕೊಡಗಿನ ಮಳೆಗಾಲಕ್ಕೆ ಅದು ಅನಿವಾರ್ಯ. ಪ್ರತಿ ಚಿತ್ರದ ಇಪ್ಪತ್ತೈದು ಪ್ರತಿಗಳನ್ನಷ್ಟೇ ತೆಗೆದು, ಸಹಿ ಮಾಡಿ ಸಂಖ್ಯೆ ಹಾಕುತ್ತೇನೆ. ಮೂಲ ಎಲೆಯಚ್ಚುಗಳನ್ನು ಮಾತ್ರ ಎಷ್ಟೇ ಬೆಲೆ ಹೇಳಿದರೂ ಕೊಡುವುದಿಲ್ಲ.